ಅಗ್ಗಿಷ್ಟಿಕೆಯ ಸುತ್ತಲಿನ ವಾದ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟದ ಋತುವು ವಸಂತದಲ್ಲಿ ಮೊದಲಾಗಿ ಶರತ್ಕಾಲದ ವರ್ಲ್ಡ್ ಸೀರೀಸ್ ಪಂದ್ಯಗಳೊಂದಿಗೆ ಮುಗಿಯುತ್ತದೆ; ಅಲ್ಲಿಂದ ಮುಂದೆ ನಾಲ್ಕೈದು ತಿಂಗಳು ಚೆಂಡೂ ಇಲ್ಲ, ದಾಂಡೂ ಇಲ್ಲ. ಆದರೆ ಆಟ ನಿಂತ ಮಾತ್ರಕ್ಕೆ ಆಟದ ಮಾತು ನಿಲ್ಲುವುದಿಲ್ಲ. ಹಳ್ಳಿಯ ದಿನಸಿ ಅಂಗಡಿಯ ನಡುವೆ ಉರಿಯುತ್ತಿದ್ದ ಕಬ್ಬಿಣದ ಒಲೆಯ ಸುತ್ತ ಪೀಪಾಯಿಗಳ ಮೇಲೂ ಮುರುಕು ಕುರ್ಚಿಗಳ ಮೇಲೂ ಕುಳಿತು, ಬರಲಿರುವ ವರ್ಷಕ್ಕೆ ತಮ್ಮ ತಂಡವು ಯಾರನ್ನು ಉಳಿಸಿಕೊಳ್ಳತಕ್ಕದ್ದು, ಯಾರನ್ನು ಬಿಟ್ಟುಕೊಡತಕ್ಕದ್ದು, ಯಾರಿಗೆ ಎಷ್ಟು ಸಂಬಳ ಸಲ್ಲತಕ್ಕದ್ದು ಎಂದು ಚಳಿಗಾಲವಿಡೀ ವಾದಿಸುತ್ತಿದ್ದವರ ಗೋಷ್ಠಿಗೆ ‘ಹಾಟ್ ಸ್ಟೋವ್ ಲೀಗ್’ ಎಂಬ ವಿನೋದದ ಹೆಸರು ಬಿದ್ದಿತು. ಒಲೆಯೂ ಅಂಗಡಿಯೂ ಕಣ್ಮರೆಯಾದರೂ ಹೆಸರು ಮಾತ್ರ ಇಂದಿಗೂ ಉಳಿದಿದೆ.

ನಗರಗಳಲ್ಲಿ ಈ ಕಾರ್ಯವನ್ನು ಪಾನಗೃಹಗಳು ವಹಿಸಿಕೊಂಡಿದ್ದವು. ಬೋಸ್ಟನ್ನಿನ ರಾಕ್ಸ್‌ಬರಿಯಲ್ಲಿ ಮೈಕೇಲ್ ಮೆಕ್‌ಗ್ರೀವಿ ಎಂಬಾತನು ನಡೆಸುತ್ತಿದ್ದ ಪಾನಗೃಹಕ್ಕೆ, ಮನೆ ಸೇರುವ ಮುಂಚಿನ ಕಡೆಯ ನಿಲುಗಡೆ ಎಂಬ ಅರ್ಥದಲ್ಲಿ ‘ಥರ್ಡ್ ಬೇಸ್’ ಎಂದು ಹೆಸರಿಟ್ಟಿದ್ದರು. ಗೋಡೆಯ ತುಂಬ ಆಟಗಾರರ ಛಾಯಾಚಿತ್ರಗಳು, ತಲೆಯ ಮೇಲೆ ಅವರ ದಾಂಡುಗಳಿಂದಲೇ ಮಾಡಿಸಿದ ದೀಪಗಳು. ಗಿರಾಕಿಗಳ ವಾದವು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಮೆಕ್‌ಗ್ರೀವಿಯು ಕಟ್ಟೆಯನ್ನು ಗುದ್ದಿ ‘ನಫ್ ಸೆಡ್’, ಇನ್ನು ಸಾಕು, ಎಂದು ತೀರ್ಪು ಕೊಡುತ್ತಿದ್ದನು. ಕಾಲಕ್ರಮದಲ್ಲಿ ಅದೇ ಅವನ ಅಡ್ಡಹೆಸರಾಯಿತು. 1920ರಲ್ಲಿ ಪಾನನಿರೋಧ ಜಾರಿಗೆ ಬಂದು ಬಾಗಿಲು ಮುಚ್ಚಿದ ಮೇಲೆ ಅದೇ ಕಟ್ಟಡದಲ್ಲಿ ಸಾರ್ವಜನಿಕ ಪುಸ್ತಕಾಲಯದ ಶಾಖೆಯೊಂದು ತೆರೆಯಿತು. ಅಷ್ಟು ಗದ್ದಲವನ್ನು ಕೇಳಿದ್ದ ಗೋಡೆಗಳಿಗೆ ಮೌನವ್ರತವನ್ನು ವಿಧಿಸಿದುದು ವಿಧಿಯ ವಿನೋದವೇ ಸರಿ.

ಈ ವಾದಗಳೆಲ್ಲದರ ಬುಡದಲ್ಲಿ ಒಂದು ಕಟ್ಟುಪಾಡು ಇದ್ದಿತು. 1879ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಲೀಗಿನ ಮಾಲೀಕರು ಬಫಲೋ ನಗರದಲ್ಲಿ ಗುಟ್ಟಾಗಿ ಸೇರಿ, ಪ್ರತಿಯೊಂದು ತಂಡವೂ ಐವರು ಆಟಗಾರರನ್ನು ತನಗೆಂದು ಮೀಸಲಿರಿಸಿಕೊಳ್ಳಬಹುದೆಂದೂ ಅವರನ್ನು ಬೇರೆ ಯಾವ ತಂಡವೂ ಕರೆಯಕೂಡದೆಂದೂ ಗೊತ್ತುಮಾಡಿಕೊಂಡರು. ಮೊದಮೊದಲು, ಮುಂದಿನ ವರ್ಷದ ಕೆಲಸ ಖಾತರಿಯಾದುದರಿಂದ, ಮೀಸಲಾಗುವುದನ್ನು ಆಟಗಾರರು ಗೌರವವೆಂದೇ ಭಾವಿಸಿದರಂತೆ. ಆದರೆ ಐದು ಎಂಬುದು ಹನ್ನೊಂದಾಗಿ, ಹದಿನಾಲ್ಕಾಗಿ, ಹತ್ತು ವರ್ಷ ತುಂಬುವಷ್ಟರಲ್ಲಿ ಬಹುತೇಕ ಇಡೀ ತಂಡವೇ ಈ ಷರತ್ತಿನೊಳಗೆ ಸಿಲುಕಿತು. ಒಮ್ಮೆ ರುಜು ಹಾಕಿದ ಆಟಗಾರನನ್ನು ಮಾಲೀಕನು ಇಟ್ಟುಕೊಳ್ಳಬಹುದು, ಮಾರಬಹುದು, ಮತ್ತೊಬ್ಬನಿಗೆ ಬದಲಾಗಿ ಕೊಡಬಹುದು; ಆಟಗಾರನಿಗೆ ಉಳಿದ ಸ್ವಾತಂತ್ರ್ಯವೆಂದರೆ ಆಟವನ್ನೇ ಬಿಡುವುದೊಂದೇ. 1887ರಲ್ಲಿ ಚಿಕಾಗೋ ತಂಡವು ತನ್ನ ಜನಪ್ರಿಯ ಆಟಗಾರನಾದ ಕಿಂಗ್ ಕೆಲ್ಲಿಯನ್ನು 10,000 ಡಾಲರಿಗೆ ಬೋಸ್ಟನ್ನಿಗೆ ಮಾರಿದಾಗ, ಒಬ್ಬ ಮನುಷ್ಯನಿಗೆ ಇಷ್ಟು ಬೆಲೆಯೇ ಎಂದು ಜನ ಬೆರಗಾದರೇ ಹೊರತು ಮನುಷ್ಯನಿಗೆ ಬೆಲೆ ಕಟ್ಟುವುದುಂಟೇ ಎಂದು ಕೇಳಿದವರು ವಿರಳ. ಕೇಳಿದವನೊಬ್ಬನಿದ್ದನು: ಆಟಗಾರನೂ ನ್ಯಾಯಶಾಸ್ತ್ರದ ಪದವೀಧರನೂ ಆಗಿದ್ದ ಜಾನ್ ಮಾಂಟ್‌ಗೊಮರಿ ವಾರ್ಡ್. ಅವನ ಮುಂದಾಳುತನದಲ್ಲಿ 1890ರಲ್ಲಿ ಆಟಗಾರರೇ ಕಟ್ಟಿದ ಲೀಗು ಒಂದೇ ಋತುವಿನಲ್ಲಿ ಮುರಿದುಬಿದ್ದಿತು.

ಒಲೆಯ ಸುತ್ತ ಕುಳಿತ ಅಭಿಮಾನಿಯು, ಜಾತ್ರೆಯಲ್ಲಿ ಹಲ್ಲು ನೋಡಿ ಎತ್ತಿಗೆ ಬೆಲೆ ಕಟ್ಟುವವನಂತೆ, ಆಟಗಾರನ ವಯಸ್ಸು, ಮೊಣಕಾಲು, ಕಳೆದ ವರ್ಷದ ಅಂಕಿಗಳನ್ನು ತೂಗಿ ನೋಡುತ್ತಿದ್ದನು. ತಾನು ದಿನಗೂಲಿಯವನಾಗಿದ್ದರೂ ಈ ಒಂದು ವಿಷಯದಲ್ಲಿ ಅವನು ಕುಳಿತು ಮಾತಾಡುತ್ತಿದ್ದುದು ಮಾಲೀಕನ ಪೀಠದಲ್ಲಿ. ಈ ಪದ್ಧತಿಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಇದೇ.

ಮಾರಾಟಗಳಲ್ಲೆಲ್ಲ ಪ್ರಸಿದ್ಧವಾದುದು 1919ರ ಡಿಸೆಂಬರಿನಲ್ಲಿ ಬೋಸ್ಟನ್ ತಂಡದ ಮಾಲೀಕ ಹ್ಯಾರಿ ಫ್ರೇಜಿಯು ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕಿಗೆ ಕೊಟ್ಟದ್ದು. ಅದು ಎಷ್ಟೋ ಸಲ ಹೇಳಿ ಸವೆದ ಕಥೆ. ಅಭಿಮಾನಿಗಳ ಮನೋಧರ್ಮವನ್ನು ತಿಳಿಯಬೇಕಾದರೆ ಸೇಂಟ್ ಲೂಯಿಸ್ ನಗರದ 1926ನೆಯ ಇಸವಿಯ ಚಳಿಗಾಲವನ್ನು ನೋಡಬೇಕು. ರಾಜರ್ಸ್ ಹಾರ್ನ್ಸ್‌ಬಿಯು ಆ ವರ್ಷ ತಂಡದ ಮ್ಯಾನೇಜರನೂ ಆಗಿ, ಕಾರ್ಡಿನಲ್ಸ್ ತಂಡಕ್ಕೆ ಮೊದಲನೆಯ ವರ್ಲ್ಡ್ ಸೀರೀಸ್ ಜಯವನ್ನು ತಂದುಕೊಟ್ಟಿದ್ದನು. ಅದಾದ ಮೂರು ತಿಂಗಳೊಳಗಾಗಿ, ಮೂರು ವರ್ಷದ ಕರಾರು ಬೇಕೆಂದು ಅವನೂ ಒಂದೇ ವರ್ಷದ್ದೆಂದು ಮಾಲೀಕ ಸ್ಯಾಮ್ ಬ್ರೇಡನ್ನನೂ ಹಟ ಹಿಡಿದು, ಹಳೆಯ ವೈಮನಸ್ಯಗಳೂ ಅದಕ್ಕೆ ಕೂಡಿ, ಡಿಸೆಂಬರ್ 20ರಂದು ಅವನನ್ನು ನ್ಯೂಯಾರ್ಕ್ ಜಯಂಟ್ಸ್ ತಂಡದ ಫ್ರ್ಯಾಂಕಿ ಫ್ರಿಶ್ ಮೊದಲಾದವರಿಗೆ ಬದಲಾಗಿ ಕೊಡಲಾಯಿತು. ಊರು ಕೆರಳಿತು. ವಾಣಿಜ್ಯ ಮಂಡಲಿಯು ಖಂಡಿಸಿತು. ಬ್ರೇಡನ್ನನ ಮನೆಯ ಬಾಗಿಲಿಗೂ ಅವನ ಮೋಟಾರು ವ್ಯಾಪಾರದ ಮಳಿಗೆಗೂ ಸಾವಿನ ಮನೆಗೆ ಕಟ್ಟುವ ಕಪ್ಪು ಬಟ್ಟೆಯನ್ನು ಕಟ್ಟಿದರು. ಇಷ್ಟರಲ್ಲಿ ಒಂದು ತೊಡಕು ಹೊರಬಿದ್ದಿತು: ಹಾರ್ನ್ಸ್‌ಬಿಯ ಬಳಿ ಕಾರ್ಡಿನಲ್ಸ್ ಸಂಸ್ಥೆಯ ಸಾವಿರಕ್ಕೂ ಮೀರಿದ ಷೇರುಗಳಿದ್ದವು, ಒಂದು ತಂಡದ ಪಾಲುದಾರನು ಎದುರು ತಂಡದಲ್ಲಿ ಆಡುವುದು ಹೇಗೆ? ಅವನು ಕೇಳಿದ ಬೆಲೆಗೆ ಬ್ರೇಡನ್ನನು ಒಪ್ಪಲೊಲ್ಲ, ಬ್ರೇಡನ್ನನ ಬೆಲೆಗೆ ಅವನು ಒಪ್ಪಲೊಲ್ಲ. ಕಡೆಗೆ ಋತುವು ಆರಂಭವಾಗುವ ಹೊತ್ತಿಗೆ ಲೀಗಿನ ಇತರ ತಂಡಗಳೂ ಹಣ ಕೂಡಿಸಿ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಮೊತ್ತಕ್ಕೆ ಆ ಷೇರುಗಳನ್ನು ಬಿಡಿಸಿಕೊಳ್ಳಬೇಕಾಯಿತು. ಫ್ರಿಶ್‌ನು 1927ರಲ್ಲಿ ಅಮೋಘವಾಗಿ ಆಡಿದನು, 1928ರಲ್ಲಿ ತಂಡವು ಲೀಗಿನ ಅಗ್ರಸ್ಥಾನವನ್ನೂ ಪಡೆಯಿತು. ಹಾರ್ನ್ಸ್‌ಬಿಯಾದರೋ ಮುಂದಿನ ಎರಡು ವರ್ಷದೊಳಗೆ ಇನ್ನೆರಡು ಸಲ ಕೈಬದಲಾದನು.

ಅದೇ ನಗರದಿಂದಲೇ ಈ ವ್ಯವಸ್ಥೆಗೆ ಸವಾಲು ಹಾಕಿದವನೂ ಹೊರಟನು. ಹನ್ನೆರಡು ಋತುಗಳನ್ನು ಕಾರ್ಡಿನಲ್ಸ್ ತಂಡದಲ್ಲಿ ಕಳೆದ ಕರ್ಟ್ ಫ್ಲಡ್‌ನು 1969ರ ಅಕ್ಟೋಬರಿನಲ್ಲಿ, ತನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಿದ್ದಾರೆಂಬುದನ್ನು ಟೆಲಿಫೋನಿನಲ್ಲಿ ಕೇಳಿ ತಿಳಿದನು. ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್‌ಗೆ ಪತ್ರ ಬರೆದು, ತಾನು ಕೊಂಡು ಮಾರುವ ಸೊತ್ತಲ್ಲವೆಂದೂ ಇತರ ತಂಡಗಳ ಆಹ್ವಾನವನ್ನೂ ಪರಿಶೀಲಿಸುವ ಹಕ್ಕು ತನಗುಂಟೆಂದೂ ತಿಳಿಸಿದನು. ವರ್ಷಕ್ಕೆ 90,000 ಡಾಲರ್ ಪಡೆಯುವವನಿಗೆ ಇದೆಂಥ ದಾಸ್ಯ ಎಂದು ಹಲವರು ನಕ್ಕರು. ನ್ಯಾಯಾಲಯದಲ್ಲಿ ನಿವೃತ್ತ ಆಟಗಾರ ಜಾಕಿ ರಾಬಿನ್ಸನ್ ಅವನ ಪರವಾಗಿ ಸಾಕ್ಷಿ ನುಡಿದನು. ಆಗ ಆಡುತ್ತಿದ್ದ ಆಟಗಾರರಲ್ಲಿ ಸಾಕ್ಷಿಗೆ ನಿಂತವನು ಒಬ್ಬನೂ ಇಲ್ಲ.

1972ರ ಜೂನ್ 19ರಂದು ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ಮೂರು ಮತಗಳಿಂದ ಫ್ಲಡ್‌ನ ವಿರುದ್ಧ ತೀರ್ಪಿತ್ತಿತು. ಒಂಬತ್ತನೆಯವರಾದ ನ್ಯಾಯಮೂರ್ತಿ ಪೊವೆಲ್‌ರ ಬಳಿ ಕಾರ್ಡಿನಲ್ಸ್ ತಂಡದ ಒಡೆತನ ಹೊಂದಿದ್ದ ಬಿಯರ್ ಸಂಸ್ಥೆಯ ಷೇರುಗಳಿದ್ದುದರಿಂದ ಅವರು ದೂರವುಳಿದರು. ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್‌ರು, ವಿಷಯಕ್ಕೆ ಬರುವ ಮುನ್ನ ಆಟದ ಇತಿಹಾಸವನ್ನು ಹಾಡಿ ಹೊಗಳಿ, ಎಂಬತ್ತಕ್ಕೂ ಮಿಕ್ಕಿದ ಪ್ರಾಚೀನ ಆಟಗಾರರ ನಾಮಾವಳಿಯನ್ನೇ ಅದರಲ್ಲಿ ಸೇರಿಸಿದರು. ಸಹೋದ್ಯೋಗಿಗಳಲ್ಲಿ ಇಬ್ಬರು ಆ ಭಾಗಕ್ಕೆ ತಮ್ಮ ಸಹಮತವಿಲ್ಲವೆಂದರು. ಮೆಲ್ ಆಟ್‌ನ ಹೆಸರು ಪಟ್ಟಿಯಿಂದ ತಪ್ಪಿಹೋಯಿತಲ್ಲಾ ಎಂದು ಬ್ಲ್ಯಾಕ್‌ಮನ್‌ರು ಆಮೇಲೆ ಪರಿತಪಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಎದುರಿಗೆ ನಿಂತವನ ಜೀವನೋಪಾಯದ ಪ್ರಶ್ನೆಯಿರುವಾಗ, ಯಾರು ಶ್ರೇಷ್ಠರು ಯಾರು ಅಲ್ಲ ಎಂಬ ಒಲೆಯ ಪಕ್ಕದ ಚರ್ಚೆಯು ಆ ಉನ್ನತ ಪೀಠವನ್ನೂ ಬಿಡಲಿಲ್ಲವೆಂಬುದು ಖೇದಕರವೂ ಹೌದು, ತುಸು ನಗೆ ಬರಿಸುವಂಥದೂ ಹೌದು.

ನ್ಯಾಯಾಲಯ ಬಿಚ್ಚದ ಗಂಟನ್ನು ಮಧ್ಯಸ್ಥನೊಬ್ಬನು ಬಿಚ್ಚಿದನು. ರುಜು ಹಾಕದ ಆಟಗಾರನ ಕರಾರನ್ನು ತಂಡವು ಒಂದು ವರ್ಷ ಮುಂದುವರಿಸಬಹುದೆಂದು ಬರಹದಲ್ಲಿತ್ತು; ಹಾಗೆ ಮುಂದುವರಿದ ಕರಾರಿನಲ್ಲಿಯೂ ಅದೇ ವಾಕ್ಯವಿರುವುದರಿಂದ ಅದು ಅನಂತವಾಗಿ ಮುಂದುವರಿಯತಕ್ಕದ್ದೆಂದು ಮಾಲೀಕರ ತರ್ಕ. 1975ರ ಡಿಸೆಂಬರ್ 23ರಂದು ಪೀಟರ್ ಸೈಟ್ಜ್, ಒಂದು ವರ್ಷವೆಂದರೆ ಒಂದೇ ವರ್ಷವೆಂದು ನಿರ್ಣಯಿಸಿ, ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಚೆಂಡೆಸೆಗಾರರನ್ನು ಬಂಧಮುಕ್ತರನ್ನಾಗಿ ಮಾಡಿದನು. ಮಾಲೀಕರು ಕೂಡಲೇ ಅವನನ್ನು ಕೆಲಸದಿಂದ ತೆಗೆದರು. ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್‌ನ ಜಾಣತನವು ಆನಂತರದ್ದು: ಎಲ್ಲರೂ ಒಮ್ಮೆಗೇ ಸ್ವತಂತ್ರರಾದರೆ ಬೆಲೆ ಬೀಳುವುದೆಂದರಿತು, ಆರು ವರ್ಷ ಸೇವೆ ಸಲ್ಲಿಸಿದವರಿಗೆ ಮಾತ್ರ ಬಿಡುಗಡೆಯೆಂಬ ನಿಯಮಕ್ಕೆ ಅವನು ಸಂತೋಷದಿಂದಲೇ ಒಪ್ಪಿದನು.

ಅಲ್ಲಿಂದ ಅಭಿಮಾನಿಗಳ ವಾದದ ಧಾಟಿಯೇ ಬದಲಾಯಿತು. ಯಾರಿಗೆ ಬದಲಾಗಿ ಯಾರು ಎಂಬುದರ ಜೊತೆಗೆ ಎಷ್ಟು ಹಣ, ಎಷ್ಟು ವರ್ಷ, ಮೂವತ್ತೈದು ದಾಟಿದವನಿಗೆ ಇಷ್ಟು ಕೊಡುವುದೇ ಎಂಬ ಪ್ರಶ್ನೆಗಳು ಬಂದವು. 1977ರಲ್ಲಿ ಕಾನ್ಸಾಸಿನ ಡಬ್ಬಿ ಆಹಾರದ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ ತಾನೇ ಅಚ್ಚು ಹಾಕಿಸಿದ ಅಂಕಿ ಅಂಶಗಳ ಪುಸ್ತಿಕೆಯಿಂದ, ಹಿರಿಯರ ಊಹೆಯನ್ನು ಲೆಕ್ಕದಿಂದ ಪರೀಕ್ಷಿಸುವ ಕ್ರಮ ಬಳಕೆಗೆ ಬಂದಿತು. 2002ರಲ್ಲಿ ಬೋಸ್ಟನ್ ತಂಡವು ಅವನನ್ನೇ ಕೆಲಸಕ್ಕೆ ಕರೆದುಕೊಂಡಿತು. ಒಲೆಯ ಬಳಿಯಿದ್ದವನು ಕಚೇರಿಯೊಳಗೆ ಹೋದಂತಾಯಿತು.

ಈಗಿನ ವಾದಗಳನ್ನು ಕೇಳಿದರೆ ಲೆಕ್ಕಪರಿಶೋಧಕರ ಸಭೆಯೋ ಎಂಬ ಭ್ರಾಂತಿಯಾಗುತ್ತದೆ. 2023ರ ಡಿಸೆಂಬರಿನಲ್ಲಿ ಶೋಹೇ ಒಟಾನಿಯು ಲಾಸ್ ಏಂಜಲೀಸ್ ಡಾಜರ್ಸ್ ತಂಡದೊಂದಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಕರಾರು ಮಾಡಿಕೊಂಡನು. ಆಡುವ ಅವಧಿಯಲ್ಲಿ ವರ್ಷಕ್ಕೆ 20 ಲಕ್ಷ ಮಾತ್ರ, ಉಳಿದ 68 ಕೋಟಿಯು ಬಡ್ಡಿಯಿಲ್ಲದೆ 2034ರಿಂದ 2043ರ ವರೆಗೆ. ಬಡ್ಡಿಯಿಲ್ಲದ ಈ ಹಣದ ಇಂದಿನ ಮೌಲ್ಯವೆಷ್ಟು, ತಂಡದ ವೆಚ್ಚದ ಮಿತಿಯ ಲೆಕ್ಕಕ್ಕೆ ಅದು ಹೇಗೆ ಸೇರುವುದು, ಇದು ಇತರ ತಂಡಗಳಿಗೆ ಅನ್ಯಾಯವಲ್ಲವೇ ಎಂದು ಅಭಿಮಾನಿಗಳು ಇಡೀ ಚಳಿಗಾಲ ಕಚ್ಚಾಡಿದರು. ಹಣ ಕೈಸೇರುವ ಕಾಲಕ್ಕೆ ಅವನು ಕ್ಯಾಲಿಫೋರ್ನಿಯಾದಲ್ಲಿ ನೆಲಸಿರದಿದ್ದರೆ ರಾಜ್ಯದ ತೆರಿಗೆಯ ಗತಿಯೇನೆಂದು, ಹೊಸ ವರ್ಷದ ಮೊದಲ ತಿಂಗಳಿನಲ್ಲಿಯೇ ಆ ರಾಜ್ಯದ ಹಣಕಾಸು ನಿಯಂತ್ರಣಾಧಿಕಾರಿಯೂ ಆಕ್ಷೇಪವೆತ್ತಿ, ಈ ಬಗೆಯ ಮುಂದೂಡಿಕೆಗೆ ಮಿತಿ ಹಾಕಬೇಕೆಂದು ಅಮೆರಿಕದ ಕಾಂಗ್ರೆಸ್ಸನ್ನು ಕೇಳಿಕೊಂಡರು.