ಹೈದರಾಬಾದ್ ಗಾಡಿಯ ಹಳದಿ ದೀಪ

ಇಂಜನ್ ಚಿತ್ರದ ಹಳದಿ ದೀಪ ಕುಂಚಾವರಂ ರಸ್ತೆಗೆ ಬಂದದ್ದು ಸೆಕೆಂಡ್ ಹ್ಯಾಂಡ್ ಗಾಡಿಗಳ ಜೊತೆ. ಆ ದೀಪವನ್ನು ಬೇಡುವ ಹೊಗೆ ನಿಯಮ ಭಾರತ್ ಸ್ಟೇಜ್ 4, 2010ರ ಏಪ್ರಿಲ್‌ನಲ್ಲಿ ಜಾರಿಯಾದದ್ದು ದೇಶದ 13 ನಗರಗಳಲ್ಲಿ. ಅವುಗಳಲ್ಲಿ ನಮ್ಮ ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ. ನಡುವಿನ ಸೇಡಂ, ಚಿಂಚೋಳಿ, ಚಿತ್ತಾಪುರಕ್ಕೆ ಸ್ಟೇಜ್ 3 ಸಾಕೆಂದರು. ಇಡೀ ದೇಶಕ್ಕೆ 4 ಕಡ್ಡಾಯವಾಗುವ ಹೊತ್ತಿಗೆ 2017ರ ಏಪ್ರಿಲ್. ಅಷ್ಟರೊಳಗೆ ಹೈದರಾಬಾದಿನವರು ಮಾರಿದ ಡೀಸೆಲ್ ಗಾಡಿಗಳು ಜಹೀರಾಬಾದ್, ತಾಂಡೂರು ದಾಟಿ ಇಲ್ಲಿನ ಗ್ಯಾರೇಜುಗಳಿಗೆ ಬರತೊಡಗಿದ್ದವು. ದೀಪ ಉರಿಯುತ್ತಿತ್ತು, ಅದನ್ನು ಓದುವ ಸ್ಕ್ಯಾನರ್ ನಮ್ಮಲ್ಲಿ ಇರಲಿಲ್ಲ. ಕೆಲವರು ಬಲ್ಬನ್ನೇ ಕಿತ್ತು ಕಳಿಸಿದರು.

ಅದಕ್ಕೂ ಮುಂಚೆ ನಮ್ಮ ವಿದ್ಯೆಯೆಲ್ಲ ಹೊಗೆಯದು. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಅದಕ್ಕೋ ಏನೋ, ಕೆಲಸ ಕಲಿಸಿದವರು ಇಂದಿಗೂ ಉಸ್ತಾದರೇ. ನನ್ನ ಉಸ್ತಾದರು ಶಹಾಬಾದಿನವರು. "ಹೊಗಿ ಕರ್ರಗದ ಅಂದ್ರ ನಾಝಲ್ ನೋಡು, ಫಿಲ್ಟರ್ ನೋಡು. ನೀಲಿ ಅದ ಅಂದ್ರ ರಿಂಗ್ ಹೋಗ್ಯಾವ. ಬೆಳ್ಳಗದ ಅಂದ್ರ ಹೆಡ್ ಬಿಚ್ಚಲಿಕ್ಕೆ ತಯಾರಾಗು" ಅನ್ನುತ್ತಿದ್ದರು. ಬೆಂಗಳೂರಿನ ಮೈಕೋ ಪಂಪಿನ ಕಾಲಕ್ಕೆ ಇದಿಷ್ಟೇ ಸಾಕಾಗಿತ್ತು.

ಆಮೇಲೆ ಬಂತು ಇಜಿಆರ್. ಸುಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜನ್ನಿಗೇ ಉಣಿಸುವ ವಾಲ್ವ್ ಅದು. ಒಳಗಿನ ಕಾವು ತಗ್ಗಿ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಮಸಿ ಮತ್ತು ಆಯಿಲ್ ಆವಿ ಸೇರಿ ವಾಲ್ವ್ ತುಂಬ ಡಾಂಬರಿನಂಥ ಕೆಸರು ಕೂಡುತ್ತದೆ. ತಾಂಡಾಗಳಿಂದ ಜನರನ್ನು ತುಂಬಿಕೊಂಡು ಕಾಡಿನ ರಸ್ತೆಯಲ್ಲಿ ನಿಧಾನ ಓಡುವ ಗಾಡಿಗಳಿಗಂತೂ ಬೇಗ. ನಮ್ಮವರು ಕಂಡುಕೊಂಡ ಔಷಧ ಪತ್ರಾ: ತಗಡು ಕತ್ತರಿಸಿ ಗ್ಯಾಸ್ಕೆಟ್ ಜಾಗದಲ್ಲಿ ಕೂರಿಸಿ ದಾರಿ ಮುಚ್ಚಿಬಿಡುವುದು. ಪಿಕಪ್ ಬಂತು ಎಂದು ಡ್ರೈವರ್ ಖುಷಿ.

ತಮಾಷೆಯೆಂದರೆ, ಪತ್ರಾ ಹಾಕಿದ ಗಾಡಿಯ ಕರಿ ಹೊಗೆ ಕಡಿಮೆಯೇ ಆಗುತ್ತದೆ. ಹೊಗೆ ತಪಾಸಣೆಯವರು ಆಕ್ಸಿಲರೇಟರ್ ಒತ್ತಿಸಿ ಡೀಸೆಲ್ ಹೊಗೆಯ ಕಪ್ಪನ್ನು ಅಳೆಯುತ್ತಾರೆ. ಹಳೆಯ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್, ಸ್ಟೇಜ್ 4ಕ್ಕೆ 50. ನೈಟ್ರೋಜನ್ ಆಕ್ಸೈಡಿಗೆ ಅಲ್ಲಿ ಅಳತೆಯೇ ಇಲ್ಲ. ಉಸ್ತಾದರ ಕಣ್ಣಿಗೂ ಅದು ಬೀಳುವಂಥದ್ದಲ್ಲ. ಅದನ್ನು ಹಿಡಿದುಕೊಡುತ್ತಿದ್ದದ್ದು ಆ ಹಳದಿ ದೀಪ ಒಂದೇ, ನಾವು ಮೊದಲು ಬಲ್ಬ್ ಕಿತ್ತದ್ದೂ ಅದರದ್ದೇ.

ಕೊನೆಗೆ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚುವುದನ್ನು ಕಲಿತೆವು. ಅತಿ ಹೆಚ್ಚು ಕಂಡ ಕೋಡ್ ಪಿ0401: ಇಜಿಆರ್ ಹರಿವು ಸಾಲದು. ಕೋಡ್ ಕಂಡ ಕೂಡಲೇ ವಾಲ್ವ್ ಬದಲಿಸಿ ಸಾವಿರಾರು ರೂಪಾಯಿ ಬಿಲ್ ಮಾಡುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಈ ಕೋಡಿನಲ್ಲಿ ವಾಲ್ವ್ ಕೆಟ್ಟಿದೆ ಎಂದು ಇಂಜನ್ನಿನ ಕಂಪ್ಯೂಟರ್ ಇಸಿಯು ಹೇಳುವುದೇ ಇಲ್ಲ. ವಾಲ್ವ್ ತೆರೆದಾಗ ಹೊರಗಿನ ಗಾಳಿ ಇಷ್ಟು ಇಳಿಯಬೇಕಿತ್ತು, ಇಳಿಯಲಿಲ್ಲ ಎನ್ನುತ್ತದೆ, ಅಷ್ಟೇ. ಆ ಗಾಳಿ ಅಳೆಯುವ ಸೆನ್ಸರ್ ಇರುವುದು ಫಿಲ್ಟರಿನ ಹಿಂದೆ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಲಾರಿಗಳ ಹಿಂದೆ ಓಡಿದ ಗಾಡಿಯ ಫಿಲ್ಟರ್ ಸರಿಯಾಗಿ ಕೂತಿರದಿದ್ದರೆ ಸುಣ್ಣಗಲ್ಲಿನ ಪುಡಿ ಸೆನ್ಸರಿನ ಮೇಲೇ ಕೂರುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ನಾನು ಮೊದಲು ಫಿಲ್ಟರ್, ಸೆನ್ಸರ್ ನೋಡಿ, ವ್ಯಾಕ್ಯೂಮ್ ಪೈಪ್ ಬಿರಿದಿದೆಯೇ ಎಂದು ಕೈಯಾಡಿಸಿ, ಹಳೆಯ ಕೈಗಳು ಹಾಕಿದ ಪತ್ರಾ ಹುಡುಕುತ್ತೇನೆ. ವಾಲ್ವ್ ಬಿಚ್ಚುವುದು ಆಮೇಲೆ.

ಪತ್ರಾದವರೂ ಸುಮ್ಮನಿರಲಿಲ್ಲ. ಇಸಿಯುಗೆ ಅನುಮಾನ ಬರದಷ್ಟು ಹೊಗೆ ಹೋಗಲೆಂದು ನಡುವೆ ತೂತು ಕೊರೆದರು. ಈಗ ತಗಡೂ ಬೇಡ, ಲ್ಯಾಪ್‌ಟಾಪ್ ತಂದು ಇಜಿಆರನ್ನೇ ಲೆಕ್ಕದಿಂದ ಅಳಿಸಿಬಿಡುತ್ತಾರೆ. ಕೋಡೂ ಇಲ್ಲ, ದೀಪವೂ ಇಲ್ಲ. ಅದಕ್ಕೇ ಸ್ಕ್ಯಾನರ್ ಹಚ್ಚುವ ಮೊದಲು ಮಾಲೀಕರನ್ನು ಕೇಳುತ್ತೇನೆ, ಸಾಫ್ಟ್‌ವೇರ್ ಏನಾದರೂ ಮುಟ್ಟಿಸೀರೇನ್ರಿ ಅಂತ.

"ಏನಿಲ್ರಿ, ಮೈಲೇಜ್ ಸಲುವಾಗಿ ಸಣ್ಣದೊಂದು ಕೆಲಸ."