ಹೆಸರು ನಮ್ಮದು, ತಂಡ ಯಾರದು?

ಉದ್ಯಮಬಾಗದ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವವರು ನಮ್ಮೂರಿನವರು. ಆದರೆ ಆ ಬಿಡಿಭಾಗ ಸೇರುವ ಯಂತ್ರದ ಮೇಲೆ ಬೇರೆ ಊರಿನ ಕಂಪನಿಯ ಹೆಸರಿರುತ್ತದೆ. ಇದಕ್ಕೆ ತೀರ ತಿರುವುಮುರುವಾದ ವ್ಯವಹಾರವೊಂದನ್ನೂ ಬೆಳಗಾವಿ ಕಂಡಿತು. ಅಲ್ಲಿ ಹೆಸರು ಮಾತ್ರ ನಮ್ಮದು, ಯಜಮಾನಿಕೆ ಬೇರೆಯವರದು. ಅದೇ ಬೆಳಗಾವಿ ಪ್ಯಾಂಥರ್ಸ್ ಕ್ರಿಕೆಟ್ ತಂಡ.

ಆಟಕ್ಕೆ ಹಣ ಹಾಕುವವರಿಗೂ ನಿಯಮ ಮಾಡುವವರಿಗೂ ಜಗಳ ಹೊಸದಲ್ಲ. ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಸ್ನೂಕರನ್ನೇ ನೋಡಿ. ಹಣದ ವಿಚಾರಕ್ಕೆ ಮನಸ್ತಾಪ ಬಂದು, 1952ರಲ್ಲಿ ಇಂಗ್ಲೆಂಡಿನ ವೃತ್ತಿಪರ ಆಟಗಾರರು ನಿಯಂತ್ರಣ ಮಂಡಳಿಯನ್ನು ಬಿಟ್ಟು ಬೇರೆ ಪಂದ್ಯಾವಳಿ ಹೂಡಿದರು. ಮಂಡಳಿಯ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಳಿದವರು ಇಬ್ಬರೇ! ಆಸ್ಟ್ರೇಲಿಯಾದ ಹೊರೇಸ್ ಲಿಂಡ್ರಮ್ ಗೆದ್ದರು. ಆದರೆ ಆ ಗೆಲುವಿನ ಬೆಲೆ ಎಷ್ಟೆಂಬ ಚರ್ಚೆ ಅವರನ್ನು ಬಿಡಲಿಲ್ಲ. 2010ರಲ್ಲಿ ಅದೇ ಆಟದ ವ್ಯಾಪಾರದ ದೊಡ್ಡ ಪಾಲು ಆಟಗಾರರ ಮತದಿಂದಲೇ ಬ್ಯಾರಿ ಹರ್ನ್ ಎಂಬ ಪ್ರವರ್ತಕರ ಕೈಗೆ ಹೋಯಿತು. ನಿಯಮದ ಅಧಿಕಾರ ಮಾತ್ರ ಸಂಘದಲ್ಲೇ ಉಳಿಯಿತು.

ನಮ್ಮ ದೇಶದಲ್ಲಿ 2007ರಲ್ಲಿ ಜೀ ಸಂಸ್ಥೆಯ ಸುಭಾಷ್ ಚಂದ್ರ ಇಂಡಿಯನ್ ಕ್ರಿಕೆಟ್ ಲೀಗ್ ಕಟ್ಟಿದಾಗ, ಕ್ರಿಕೆಟ್ ಮಂಡಳಿ ಅದರಲ್ಲಿ ಆಡಿದವರಿಗೆ ಬಾಗಿಲು ಮುಚ್ಚಿತು. ಮರುವರ್ಷ ತಾನೇ ಐಪಿಎಲ್ ಆರಂಭಿಸಿತು. ಹೊರಗಿನ ಶ್ರೀಮಂತನನ್ನು ತಡೆಯಲು ಶ್ರೀಮಂತರನ್ನೇ ಮನೆಯೊಳಗೆ ಕರೆದಂತಾಯಿತು.

2009ರಲ್ಲಿ ಕರ್ನಾಟಕ ಕ್ರಿಕೆಟ್ ಸಂಸ್ಥೆಯೂ ಅದೇ ದಾರಿ ಹಿಡಿದು ಕರ್ನಾಟಕ ಪ್ರೀಮಿಯರ್ ಲೀಗ್ ಹುಟ್ಟುಹಾಕಿತು. ತಂಡಗಳನ್ನು ಊರುಗಳ ಹೆಸರಿನಲ್ಲಿ ಮಾಲೀಕರಿಗೆ ಕೊಟ್ಟಿತು. ಉತ್ತರ ಕರ್ನಾಟಕದ ಹುಡುಗರಿಗೆ ಇದು ಸಣ್ಣ ಮಾತಲ್ಲ. ಬೆಂಗಳೂರಿನ ಕಣ್ಣಿಗೆ ಬೀಳುವುದೇ ಕಷ್ಟವಾಗಿದ್ದವರ ಆಟ ಟಿವಿಯಲ್ಲಿ ಕಾಣತೊಡಗಿತು. 2017ರಲ್ಲಿ ನಮ್ಮ ಹೆಸರಿನ ತಂಡ ಪ್ರಶಸ್ತಿಯನ್ನೂ ಗೆದ್ದಿತು.

2019ರ ಸೆಪ್ಟೆಂಬರಿನಲ್ಲಿ ಬೆಟ್ಟಿಂಗ್ ಆರೋಪದ ಮೇಲೆ ತಂಡದ ಮಾಲೀಕರ ಬಂಧನವಾಯಿತು. ಸಂಸ್ಥೆ ತಂಡವನ್ನು ಅಮಾನತು ಮಾಡಿತು. ಬೇರೆ ತಂಡದ ಆಟಗಾರರ ಮೇಲೂ ಆರೋಪ ಬಂದು ಲೀಗೇ ನಿಂತಿತು. 2022ರ ಜನವರಿಯಲ್ಲಿ ಹೈಕೋರ್ಟು ದೋಷಾರೋಪಪಟ್ಟಿಯನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ, ಅಶಿಸ್ತು ಆಗಬಹುದು. ಆದರೆ ಕಾನೂನು ಹೇಳುವ ವಂಚನೆಯಾಗದು, ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ಅದರ ನಿಲುವು. ಅಂದರೆ ಬೀಗದ ಕೈ ಮತ್ತೆ ಮಂಡಳಿಯ ಸೊಂಟಕ್ಕೇ ಬಂತು.

ಅದೇ ವರ್ಷ ಸಂಸ್ಥೆ, ಮಾಲೀಕರ ಬದಲು ಪ್ರಾಯೋಜಕರನ್ನಿಟ್ಟುಕೊಂಡು, ಮಹಾರಾಜ ಟ್ರೋಫಿ ಆರಂಭಿಸಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಗುಲ್ಬರ್ಗಾ, ಮಂಗಳೂರು, ಶಿವಮೊಗ್ಗ ಹೀಗೆ ಆರು ಹೆಸರು. ಬೆಳಗಾವಿ ಇಲ್ಲ. ಆಟೋನಗರದಲ್ಲಿ ಸಂಸ್ಥೆಯದೇ ಮೈದಾನವಿದೆ. ಇಲ್ಲೇ ಹುಟ್ಟಿದ ವೇಗದ ಬೌಲರ್ ರೋನಿತ್ ಮೋರೆ ಕರ್ನಾಟಕದ ರಣಜಿ ತಂಡಕ್ಕೆ ಆಡಿದವರು. ಆದರೂ ಹೆಸರು ಬಿಟ್ಟುಹೋಯಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮಗೆ ಹೊಸದೇನಲ್ಲ. ತಪ್ಪು ಕಂಡಾಗ ಸಂಸ್ಥೆ ಕಣ್ಣು ಮುಚ್ಚಿ ಕೂರಬೇಕಿತ್ತೆಂದು ನಾನು ಹೇಳುವುದಿಲ್ಲ. ಆದರೆ ದಂಡ ತೆತ್ತವರು ಯಾರು? ಮಗನ ಬ್ಯಾಟು ಬೂಟಿಗೆಂದು ದಿನಸಿಯ ದುಡ್ಡಿನಲ್ಲಿ ಉಳಿಸಿದ ತಾಯಂದಿರನ್ನು, ತಂಡ ಕೊಡುವಾಗಲೂ ಯಾರೂ ಕೇಳಲಿಲ್ಲ, ಕಸಿಯುವಾಗಲೂ ಕೇಳಲಿಲ್ಲ. ಇನ್ನೊಮ್ಮೆ ಯಾರಾದರೂ ನಮ್ಮ ಊರಿನ ಹೆಸರನ್ನು ಅಂಗಿಯ ಮೇಲೆ ಹೊಲಿಸಲು ಬಂದರೆ, ಚಪ್ಪಾಳೆ ತಟ್ಟುವ ಮೊದಲು ಒಂದು ಮಾತು ಕೇಳೋಣ: ನಿಮ್ಮ ನಿಮ್ಮಲ್ಲಿ ಜಗಳ ಬಂದ ದಿನ ಈ ಹುಡುಗರನ್ನು ಯಾರು ನೋಡಿಕೊಳ್ಳುತ್ತೀರಿ?