‘ಗುದ್ದಲಿ ಇಲ್ಲ’ ಅನ್ನೋ ಹೆಸರಿನ ರಾಜ

ಇವತ್ತು ಒಂದು ಹೆಸರಿಂದ ಶುರು ಮಾಡ್ತೀನಿ: ಕೊಸೊಕೊ. 1845ರಿಂದ 1851ರವರೆಗೆ ಲಾಗೋಸ್ ಆಳಿದ ರಾಜ. ಬ್ರಿಟಿಷ್ ನೌಕಾಪಡೆ ಊರ ಮೇಲೆ ಫಿರಂಗಿ ಹಾರಿಸಿ ಅವನನ್ನ ಓಡಿಸ್ತು. ಆ ಯುದ್ಧದ ಕಥೆ ಇನ್ನೊಂದು ದಿನ ಹೇಳ್ತೀನಿ. ನನ್ನ ತಲೇಲಿ ಕೂತಿರೋದು ಆ ಹೆಸರು. ಯೊರುಬಾ ಭಾಷೆಯಲ್ಲಿ ಅದರ ಅರ್ಥ ‘ಗುದ್ದಲಿ ಇಲ್ಲ’. ಅಂದ್ರೆ, ಮಗೂ, ನಿನಗೆ ಗುಂಡಿ ತೋಡೋಕೆ ನಮ್ಮನೇಲಿ ಗುದ್ದಲಿ ಇಲ್ಲ, ಸಾಯಬೇಡ ಅಂತ.

ಇಂಥ ಹೆಸರು ಯಾರಿಗೆ ಇಡ್ತಿದ್ರು? ‘ಅಬಿಕು’ ಮಕ್ಕಳಿಗೆ. ಸಾಯೋಕೆ ಅಂತಲೇ ಹುಟ್ಟಿದವರು ಅನ್ನೋದು ಆ ಪದದ ಅರ್ಥ. ಯೊರುಬಾ ಜನರ ಕಥೆಗಳ ಪ್ರಕಾರ ಈ ಮಕ್ಕಳಿಗೆ ಆತ್ಮಗಳ ಲೋಕದಲ್ಲಿ ಜೊತೆಗಾರರಿರ್ತಾರೆ. ಹೊರಡೋ ಮೊದಲು ‘ಇಂಥ ದಿನ ವಾಪಸ್ ಬರ್ತೀನಿ’ ಅಂತ ಮಾತು ಕೊಟ್ಟು ಬರ್ತವೆ. ಹುಟ್ತವೆ, ಹೋಗ್ತವೆ, ಮತ್ತೆ ಅದೇ ತಾಯಿಯ ಹೊಟ್ಟೇಲಿ ಹುಟ್ತವೆ. ಇಲ್ಲಿ ಸ್ವಲ್ಪ ನಿಲ್ಲಿ. ನಾಲ್ಕು ಮಕ್ಕಳನ್ನ ಮಣ್ಣು ಮಾಡಿದ ತಾಯಿಗೆ ಈ ಕಥೆ ಹೇಳೋದೇನು? ಸತ್ತಿದ್ದು ನಾಲ್ಕಲ್ಲ, ಒಂದೇ ಮಗು ಹೋಗಿ ಬಂದು ಮಾಡ್ತಿದೆ ಅಂತ. ಹಾಗಾದ್ರೆ ಅದರ ಹತ್ರ ಜಗಳ ಆಡಬಹುದು, ಚೌಕಾಸಿ ಮಾಡಬಹುದು, ಬೇಡ್ಕೋಬಹುದು.

ಆ ಬೇಡಿಕೆಗಳೇ ಹೆಸರುಗಳು. ಯೊರುಬಾ ಪಾದ್ರಿ ಸ್ಯಾಮ್ಯುಯೆಲ್ ಜಾನ್ಸನ್ ಬರೆದು, 1921ರಲ್ಲಿ ಅಚ್ಚಾದ ಇತಿಹಾಸದ ಪುಸ್ತಕದಲ್ಲಿ ಇವುಗಳದ್ದೊಂದು ಪಟ್ಟಿ ಇದೆ. ಮಲೊಮೊ, ಮತ್ತೆ ಹೋಗಬೇಡ. ಬಂಜೊಕೊ, ನನ್ನ ಜೊತೆ ಕೂತ್ಕೊ. ಅಕಿಸಾಟನ್, ನಿನ್ನ ಸುತ್ತಿ ಹೂಳೋಕೆ ಹಳೇ ಬಟ್ಟೆ ಕೂಡ ಮುಗೀತು. ಇದನ್ನ ಓದಿ ಫೋನ್ ಕೆಳಗಿಟ್ಟು ಸುಮ್ನೆ ಕೂತಿದ್ದೆ.

ಜೊತೆಗಾರರು ಹತ್ತಿರ ಬರಬಾರದು ಅಂತ ಮಗುವಿನ ಕಾಲಿಗೆ ಕಬ್ಬಿಣದ ಬಳೆ, ಗೆಜ್ಜೆ ಕಟ್ತಿದ್ರು. ಪ್ರೀತಿಯ ಇನ್ನೊಂದು ಮುಖಾನೂ ಹೇಳಬೇಕು: ಸತ್ತ ಮಗುವಿನ ಮೈಮೇಲೆ ಗಾಯ ಮಾಡೋದೂ ಇತ್ತು. ಗುರುತು ಬಿದ್ದ ಮಗುವನ್ನ ಅತ್ಲಾಗಿನ ಗೆಳೆಯರು ಸೇರಿಸಲ್ಲ ಅನ್ನೋ ನಂಬಿಕೆ.

ಪಕ್ಕದ ಇಗ್ಬೊ ಜನ ಇದನ್ನೇ ‘ಒಗ್ಬಾಂಜೆ’ ಅಂತಾರೆ. ಚಿನುವಾ ಅಚಿಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನಲ್ಲಿ ಎಕ್ವೆಫಿ ಅನ್ನೋ ತಾಯಿ ಹೆತ್ತ ಹತ್ತು ಮಕ್ಕಳಲ್ಲಿ ಒಂಬತ್ತು ಹೋಗಿವೆ. ಉಳಿದವಳು ಎಜಿನ್ಮಾ. ಅವಳನ್ನ ಆ ಲೋಕಕ್ಕೆ ಕಟ್ಟಿಹಾಕಿರೋ ಕಲ್ಲನ್ನ ಹುಡುಕಿ ಮಣ್ಣು ಅಗೆಯೋ ಭಾಗ ಇದೆ. ಅಲ್ಲಿ ಅಗೆಯೋದು ಮಗುವನ್ನ ಉಳಿಸ್ಕೊಳ್ಳೋಕೆ.

ವೈದ್ಯರು ಇದರ ಹಿಂದೆ ಸಿಕಲ್ ಸೆಲ್ ಕಾಯಿಲೆ ನೋಡ್ತಾರೆ. ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ ಕುಡುಗೋಲಿನಂತೆ ಬಾಗಿದ ರಕ್ತಕಣಗಳ ಬಗ್ಗೆ ಬರೆದಿದ್ದು 1910ರಲ್ಲಿ. ಅಪ್ಪ, ಅಮ್ಮ ಇಬ್ಬರಲ್ಲೂ ಆ ಜೀನ್ ಇದ್ರೆ ಪ್ರತಿ ಮಗುವಿಗೂ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೇಲಿ ಮತ್ತೆ ಮತ್ತೆ ಯಾಕೆ ಸಾವು ಅನ್ನೋದಕ್ಕೆ ಒಂದು ಉತ್ತರ ಸಿಕ್ತು. ಪೂರ್ತಿ ಉತ್ತರ ಅಲ್ಲ, ಮಲೇರಿಯಾ, ದಡಾರಕ್ಕೂ ಮಕ್ಕಳು ಬಲಿಯಾಗ್ತಿದ್ರು. ಅಂದಹಾಗೆ, ನಮ್ಮ ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಹಾಡಿಗಳಲ್ಲೂ ಇದೇ ಕಾಯಿಲೆ ಇದೆ.

ಹೆಸರುಗಳು ಮಾತ್ರ ಹೋಗಿಲ್ಲ. ‘ಡುರೊಜಾಯೆ’ ಅಂತ ಹುಡುಕಿ ನೋಡಿ, ನೈಜೀರಿಯಾದ ಎಷ್ಟೋ ಜನ ಸಿಗ್ತಾರೆ. ಅರ್ಥ: ಇದ್ದು ಬದುಕಿನ ಸುಖ ನೋಡು.